ಶುಂಠಿಯ ಬಳಗದ ಎಲುಬು

ಆಗಿನ ದಿನಗಳಲ್ಲಿ ಧಾರವಾಡದ ನಮ್ಮ ಮನೆಯಲ್ಲಿ ಪ್ರತಿಯೊಂದಕ್ಕೂ ಹೊತ್ತು ಗೊತ್ತಿತ್ತು. ಬೆಳಕು ಹರಿಯುವ ಮೊದಲು ಸ್ನಾನ, ಆಮೇಲೆ ಪಾಠ, ಸಂಜೆ ದೀಪ ಹಚ್ಚಿದೊಡನೆ ಹಾಡು. ಹಾಡು ಎತ್ತಿಕೊಡುವವಳು ಆರು ವರ್ಷದ ತಂಗಿ ಸುಮತಿ. ಕುಂಟಾಟ ಆಡುವಾಗಲೂ ಅವಳ ಬಾಯಲ್ಲಿ ಹಾಡೇ.

ಮೂವತ್ತರ ದಶಕದ ಒಂದು ಶ್ರಾವಣ ಸೋಮವಾರ, ಬೆಳಿಗ್ಗೆ ಏಳು ಗಂಟೆ. ಅಡುಗೆಮನೆಯಲ್ಲಿ ಅಜ್ಜಿ, ಅವ್ವ, ಕಾಲೇಜು ಕಲಿಯುತ್ತಿದ್ದ ಅಣ್ಣ ವಾಮನ, ಸುಮತಿ ಮತ್ತು ನಾನು ಇದ್ದೆವು. ಸುಮತಿಯ ಎರಡೂ ಕಿವಿ ಸೋರುತ್ತಿದ್ದವು. ನಾನು ಒರೆಸಿ ತೆಗೆದ ಹತ್ತಿ ನಾರುತ್ತಿತ್ತು.

"ದವಾಖಾನಿಗೆ ಕರಕೊಂಡು ಹೋಗೂಣ್ರಿ, ಅತ್ತಿಯವರ," ಎಂದಳು ಅವ್ವ.

"ಹಸಿಶುಂಠಿ ರಸದಾಗ ಸಮುದ್ರನೊರಿ ತೇಯ್ದು ಹಾಕಿದ್ರ ಒಣಗ್ತದ," ಎಂದು ಅಜ್ಜಿ ಬಿಳಿಯ ತುಂಡೊಂದನ್ನು ಕೈಗೆತ್ತಿಕೊಂಡಳು.

ವಾಮನ ನಕ್ಕ. "ಅದು ನೊರಿ ಅಲ್ಲ ಅಜ್ಜಿ. ಕಡಲಾಗಿನ ಪ್ರಾಣಿ ಎಲಬು."

"ರಾಮ ರಾಮ! ಮಡ್ಯಾಗ ಎಲಬು ಹಿಡಿಸಿದ್ಯಲ್ಲೋ!" ಅಜ್ಜಿ ಅದನ್ನು ಕೆಳಗೆ ಬಿಟ್ಟಳು. ಅವ್ವ ಆಗಲೇ ಸುಮತಿಗೆ ಒಳ್ಳೆಯ ಲಂಗ ಹುಡುಕತೊಡಗಿದ್ದಳು.

ಅಜ್ಜಿಯ ಮುಖ ಸಪ್ಪಗಾದದ್ದು ನೋಡಿ ವಾಮನ ತನ್ನ ಪುಸ್ತಕ ತಂದ. "ನಿಮ್ಮ ಹಸಿಶುಂಠಿಗೂ ಈ ಪ್ರಾಣಿಗೂ ಲ್ಯಾಟಿನ್ ಹೆಸರಿನ ಕೊನೀ ಮಾತು ಒಂದ ನೋಡ್ರಿ, ಆಫಿಸಿನಾಲಿಸ್. ಔಷಧದ ಅಂಗಡೀದು ಅಂತ ಅರ್ಥ."

"ಹಂಗಾರ ಶುಂಠಿ ಬಳಗ ಅನ್ನು!" ಅಜ್ಜಿ ಅದನ್ನು ಮತ್ತೆ ಎತ್ತಿಕೊಂಡಳು.

ಪಡಸಾಲೆಯಿಂದ ಅಪ್ಪ ಬಂದರು. ಸಾಲಿ ಮಾಸ್ತರರು ಅವರು. ಅಚ್ಚಾದ ಮಾತೆಂದರೆ ಅವರಿಗೆ ಎದುರಿಲ್ಲ. "ಪುಸ್ತಕದಾಗ ಔಷಧ ಅಂತ ಇದ್ದ ಮ್ಯಾಲೆ ದವಾಖಾನಿ ಯಾಕ?"

ಅವ್ವ ಲಂಗವನ್ನು ಮಡಚಿಟ್ಟಳು.

ದಿನಾ ಸಂಜೆ ಶುಂಠಿಯ ರಸದಲ್ಲಿ ಎಲುಬು ತೇಯ್ದು ಕಿವಿಗೆ ಹಾಕಿದರು. ಸುಮತಿ ಚೀರುತ್ತಿದ್ದಳು. ಪುಡಿ ಒಳಗೆ ಗಾರೆಯಂತೆ ಗಟ್ಟಿಯಾಯಿತು. ಸೋರುವುದು ನಿಂತಿತೆಂದು ಅಜ್ಜಿ ಹಿಗ್ಗಿದಳು. ಆಮೇಲೆ ಕಿವಿಯ ಹಿಂದೆ ಬಾವು, ಮೈ ಸುಡುವ ಜ್ವರ. ಕೊನೆಗೆ ದವಾಖಾನೆಗೆ ಒಯ್ದಾಗ ಡಾಕ್ಟರರು ಅಪ್ಪನ ಕಡೆ ತಿರುಗಿ, "ಕೀವು ಹೊರಗ ಬರೋ ದಾರೀನ ಮುಚ್ಚೀರಲ್ರೀ," ಎಂದರು. ಕಿವಿಯ ಹಿಂದೆ ಶಸ್ತ್ರಕ್ರಿಯೆ ಮಾಡಿ ಜೀವ ಉಳಿಸಿದರು.

ಮನೆಗೆ ಕರೆತಂದ ಸಂಜೆ ಎಂದಿನಂತೆ ದೀಪ ಹಚ್ಚಿದೆವು. ಸುಮತಿ ದೀಪವನ್ನೇ ನೋಡುತ್ತ ಕೂತಿದ್ದಳು. ಅವ್ವನೇ ಹಾಡು ಎತ್ತಿದಳು. ಸುಮತಿ ನಮ್ಮೆಲ್ಲರ ಬಾಯಿ ನೋಡಿದಳು.

"ಬರೇ ಬಾಯಿ ಯಾಕ ಆಡಸ್ತೀರಿ? ಹಾಡ್ರೆಲಾ."

ವಾಮನ ಎದ್ದು ಹಿತ್ತಲಿಗೆ ಹೋದ. ಅಪ್ಪ ನೆಲ ನೋಡುತ್ತ, "ಮುಗಸ್ರಿ," ಎಂದರು. ಮುಗಿಸಿದೆವು.

ಸುಮತಿ ಮತ್ತೆಂದೂ ಹಾಡಲಿಲ್ಲ. ಆ ಮನೆ ಈಗಿಲ್ಲ, ಆ ಜನರೂ ಇಲ್ಲ. ಹಸಿಶುಂಠಿ ಜಜ್ಜಿದಾಗ ಆ ಅಡುಗೆಮನೆ ಇಡಿಯಾಗಿ ಕಣ್ಣೆದುರು ಬರುತ್ತದೆ. ಸುಮತಿಯ ದನಿ ಮಾತ್ರ ಎಷ್ಟು ಹುಡುಕಿದರೂ ಬರುವುದಿಲ್ಲ.

ಸುಮತಿಯನ್ನು ಮನೆಗೆ ಕರೆತಂದ ಆ ದಿನದ ಕೊನೆಯ ಕೆಲಸ ಅವ್ವನದು. ಎಲುಬು ತೇಯುತ್ತಿದ್ದ ಕಲ್ಲಿಗೆ ಬೂದಿ ಹಾಕಿ ತಿಕ್ಕಿ, ತೊಳೆದು, ಬೋರಲಾಗಿ ಇಟ್ಟಳು.