ಚಿಕ್ಕಬಳ್ಳಾಪುರಕ್ಕೆ ಐದು ಲೀಟರ್ ಕ್ಯಾನಿನೊಡನೆ

ಚಿಂತಾಮಣಿಯಿಂದ ಬೆಳಗ್ಗೆ ಏಳರ ಬಸ್ಸಿಗೆ ಹೊರಟೆವು: ನಾನು, ಸೊಸೆ ಸುಜಾತ, ಮತ್ತು ನನ್ನ ತೊಡೆಯ ಮೇಲೆ ಒಳಗಿದ್ದುದು ಕಾಣುವ ಐದು ಲೀಟರಿನ ಬಿಳಿ ಕ್ಯಾನು. ಅದರಲ್ಲಿ ಸೊಸೆಯ ಇಪ್ಪತ್ತನಾಲ್ಕು ಗಂಟೆಗಳ ಮೂತ್ರವಿತ್ತು. ಇಂಥ ಘನಕಾರ್ಯಕ್ಕೆ ಮನೆಯ ಹಿರಿಯನೇ ತಕ್ಕವನೆಂದು, ಮಗನಿಗೆ ರಜೆ ಸಿಗದ ಕಾರಣ, ಸರ್ವಾನುಮತದಿಂದ ತೀರ್ಮಾನವಾಗಿತ್ತು. ದಾರಿ ನಲವತ್ತು ಚಿಲ್ಲರೆ ಕಿಲೋಮೀಟರು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು.

ಸುಜಾತ ನಾಗಪುರದ ಕಡೆಯವಳು. ಹುಟ್ಟಿನಿಂದ ಸಿಕಲ್ ಸೆಲ್; ರಕ್ತಕಣಗಳು ಕುಡುಗೋಲಿನಂತೆ ಬಾಗಿ ಅಲ್ಲಲ್ಲಿ ಸಿಕ್ಕಿಕೊಳ್ಳುವ ಕಾಯಿಲೆ. ಅವಳ ಅಣ್ಣನಿಗೂ ಇದೇ ಇತ್ತು. ಅವನ ಕಿಡ್ನಿ ಕೆಟ್ಟದ್ದು ತಿಳಿಯುವಷ್ಟರಲ್ಲಿ ತಡವಾಗಿತ್ತು, ಉಳಿಯಲಿಲ್ಲ. ಈಗ ಇವಳ ಮೂತ್ರದಲ್ಲಿ ನೊರೆ ಕಂಡಿತ್ತು. ರಕ್ತದಲ್ಲಿ ಉರಿಯೂತದ ಅಂಶ ಏರಿದೆ ಎಂದು ಹಿಂದಿನ ವಾರ ಚಿಕ್ಕಬಳ್ಳಾಪುರದ ವೈದ್ಯರು ಹೇಳಿದಾಗ, ಉರಿ ಎಲ್ಲಿ ಎಂದು ಕೇಳಿದ್ದೆ.

"ಊರಲ್ಲಿ ಜಗಳ ಅಂತ ರಕ್ತ ಹೇಳುತ್ತೆ ಯಜಮಾನ್ರೆ, ಯಾರ ಮನೇಲಿ ಅಂತ ಹೇಳಲ್ಲ. ಅದಕ್ಕೇ ಕ್ಯಾನು," ಎಂದಿದ್ದರು.

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಮೂಟೆಗಳು ಇಳಿದವು; ಒಬ್ಬ ಅಜ್ಜಿ ಹತ್ತಿ ನನ್ನ ಪಕ್ಕ ಕೂತಳು. ಈ ಕಾಯಿಲೆಯಲ್ಲಿ ಮೂತ್ರ ನೀರಿನಷ್ಟೇ ತಿಳಿ; ಅಜ್ಜಿಯ ಕಣ್ಣು ಕ್ಯಾನಿನ ಮೇಲೆ ಬಿತ್ತು.

"ಬಾಯಾರ್ತೈತೆ. ಒಂದ್ ಗುಟುಕು ನೀಳ್ಳು ಕೊಡಪ್ಪ."

"ಇದು ಕುಡಿಯೋದಲ್ಲಮ್ಮ."

"ಅಯ್ಯೋ, ಕ್ಯಾನ್ ತುಂಬ ಇಟ್ಕೊಂಡು ಗುಟುಕು ಕೊಡಕ್ಕೆ ಕೈ ಬರಲ್ವಾ?"

ಕಂಡಕ್ಟರನೂ ಸೇರಿದ: "ಕೊಡಿ ಸ್ವಾಮಿ, ಏನ್ ಗಂಗಾಜಲಾನಾ?"

ಸೊಸೆಯ ಮಾನ ಕಾಯಲು ಕ್ಯಾನನ್ನು ತಬ್ಬಿಕೊಂಡು, ಇಡೀ ಬಸ್ಸಿನ ಕಣ್ಣಲ್ಲಿ ಕಡು ಜಿಪುಣನಾಗಿ ಕೂತೆ. ಕಿಟಕಿ ಪಕ್ಕದಲ್ಲಿದ್ದ ಸುಜಾತಳೇ ತಿರುಗಿದಳು.

"ಅಜ್ಜಿ, ಅದು ನಂದು. ಉಚ್ಚೆ. ಟೆಸ್ಟಿಗೆ."

ಅಜ್ಜಿ ಕ್ಯಾನನ್ನೊಮ್ಮೆ, ಅವಳನ್ನೊಮ್ಮೆ ನೋಡಿದಳು. "ಒಳ್ಳೇದಾಗ್ಲಿ ತಾಯಿ," ಎಂದು, ನನ್ನತ್ತ ತಿರುಗಿ, "ಮುಚ್ಚಳ ಬಿಗಿ ಐತಾ ನೋಡಪ್ಪ," ಎನ್ನುತ್ತ ಸೆರಗು ಸರಿಸಿಕೊಂಡಳು.

ಜಿಲ್ಲೆಯಾಗಿ ಇನ್ನೂ ವರ್ಷ ತುಂಬದ ಚಿಕ್ಕಬಳ್ಳಾಪುರದ ಲ್ಯಾಬಿಗೆ ಕ್ಯಾನು ಒಪ್ಪಿಸಿ, ಇಡ್ಲಿ ತಿಂದು, ನಾಲ್ಕರವರೆಗೆ ಕಾದೆವು. ವೈದ್ಯರು ಚೀಟಿಯನ್ನು ಎರಡು ಸಲ ಓದಿದರು. ಸುಜಾತ ಕುರ್ಚಿಯ ಅಂಚು ಹಿಡಿದಿದ್ದಳು.

"ಪ್ರೋಟೀನ್ ಸೋರ್ತಿದೆ. ಸ್ವಲ್ಪ, ಈಗಷ್ಟೇ ಶುರು. ತಡೆಯೋಕೆ ಮಾತ್ರೆ ಇದೆ. ಮೂರು ತಿಂಗಳಿಗೊಂದ್ಸಲ ಅಳೆಯೋಣ. ನನ್ನ ಕೇಳದೆ ನೋವಿನ ಮಾತ್ರೆ ನುಂಗಬೇಡಮ್ಮ."

ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ಅವಳು ನಾಗಪುರಕ್ಕೆ ಫೋನು ಮಾಡಿದಳು. ಮರಾಠಿ ನನಗೆ ಬಾರದು. ಗಾಜಿನಾಚೆ ಅವಳು ಮಾತು ನಿಲ್ಲಿಸಿ, ಬಹಳ ಹೊತ್ತು ಬರೀ ಕೇಳಿಸಿಕೊಳ್ಳುತ್ತ ನಿಂತಿದ್ದಷ್ಟೇ ಕಂಡಿತು.

ಬಸ್ಸು ಊರು ದಾಟಿದ ಮೇಲೆ ಕೇಳಿದೆ: "ನಿಮ್ಮಮ್ಮ ಏನಂದ್ರಮ್ಮ?"

"ಅತ್ರು ಮಾವ. ಈ ಸಲ ಬೇಗ ಗೊತ್ತಾಯ್ತಲ್ಲ ಅಂತ."