ಮಲ್ಲಮ್ಮನ ಮನೆಯ ಎರಡು ಬಾಟಲಿ

ಯಾದಗಿರಿಯಲ್ಲಿ ರೈಲು ಇಳಿದಾಗಲೇ ಬಿಸಿಲು ನೆತ್ತಿ ಸುಡುತ್ತಿತ್ತು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವ ನಾನು ಸೀರೆಗಳ ನಡುವೆ ಗಾಜಿನ ನಳಿಕೆ, ಪರೀಕ್ಷೆಯ ಸಾಮಾನು ಸುತ್ತಿಟ್ಟುಕೊಂಡು ಸುರಪುರದ ಕಡೆಗೆ ಹೊರಟಿದ್ದೆ. ಚಿಕ್ಕಮ್ಮನ ಮಗಳು ಮಲ್ಲಮ್ಮನ ಗಂಡ ಭೀಮಣ್ಣ ಸರಾಯಿ ಕುಡಿದು ಸತ್ತು ವರ್ಷವಾಗಿತ್ತು. ಅಂದು ಅವನು ಮಲ್ಲಮ್ಮ ಮನೆಯಲ್ಲೇ ಭಟ್ಟಿ ಇಳಿಸಿದ್ದನ್ನೂ ಕುಡಿದಿದ್ದ, ಶಹಾಪುರದಲ್ಲಿ ಯಾರಿಂದಲೋ ತಂದದ್ದನ್ನೂ ಕುಡಿದಿದ್ದ. ಕೊಂದದ್ದು ಯಾವುದು? ಅದು ತಿಳಿಯದೆ ಅವಳಿಗೆ ನಿದ್ದೆಯಿರಲಿಲ್ಲ.

ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಸೀಟು ಮಾತ್ರ ಹಾಗೆ ಸಿಗುವುದಿಲ್ಲ. ಭೀಮಾ ನದಿ ದಾಟಿದ ಮೇಲೂ ನಿಂತೇ ಇದ್ದೆ. ಶಹಾಪುರದ ಬಸ್ ನಿಲ್ದಾಣದಲ್ಲಿ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ತಿಂದೆ. ಮೊದಲೆಲ್ಲ ಭೀಮಣ್ಣ ಇಲ್ಲಿಗೇ ಬೈಕು ತಂದು ನನ್ನನ್ನು ಕರೆದೊಯ್ಯುತ್ತಿದ್ದ, ದಾರಿಯುದ್ದಕ್ಕೂ ಶಾಲೆಯ ಹುಡುಗರು ಟೀಚರನ್ನು ಕರೆಯುವಂತೆ “ಅಕ್ಕೋರ, ಅಕ್ಕೋರ” ಎಂದು ಕಾಡುತ್ತಿದ್ದ. ಆ ಕಾಟಕ್ಕಾಗಿ ಜೀವ ಹಂಬಲಿಸಿತು.

ಸುರಪುರದಾಚೆಯ ಹಳ್ಳಿಯಲ್ಲಿ ಮಲ್ಲಮ್ಮ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಆಮೇಲೆ ಜೋಳದ ಚೀಲದ ಹಿಂದಿನಿಂದ ಎರಡು ಬಾಟಲಿ ತೆಗೆದಳು.

“ಇದು ನಂದು ಯಕ್ಕಾ. ಬೆಲ್ಲ, ಜಾಲಿ ಚಕ್ಕಿ, ಅಷ್ಟ. ಇದು ಅಂವ ತಂದದ್ದು.”

“ಕುಡಿಯೂ ಮೊದ್ಲ ನೋಡಲಿಲ್ಲೇನು?”

“ಅಂವ ನೋಡಿದ್ನಲ್ಲ! ಬೆರಳಿಗಿ ಹಚ್ಚಿಕೊಂಡು ಕಡ್ಡಿ ಗೀರಿದ. ಎರಡೂ ನೀಲಿ ಉರದ್ವು. ನೀಲಿ ಉರದ್ರ ಚೊಲೊ ಮಾಲು ಅಂತ ನಕ್ಕ.”

ಈ ಕಡೆ ಅದೇ ಪರೀಕ್ಷೆ. ವಿಷದ ಸ್ಪಿರಿಟ್ ಕೂಡ ನೀಲಿಯಾಗಿಯೇ ಉರಿಯುತ್ತದೆ ಎಂದು ನಾನು ಹೇಳಿದಾಗ ಅವಳು ಸರಾಯಿ ಇಳಿಸಿದ ತನ್ನ ಬೆರಳುಗಳನ್ನೇ ನೋಡುತ್ತ ಕುಳಿತಳು.

ಪಡಸಾಲೆಯಲ್ಲಿ ಕುಳಿತು ಎರಡರಿಂದಲೂ ಅಷ್ಟಷ್ಟು ನಳಿಕೆಗೆ ಹಾಕಿ ಔಷಧಿ ಬೆರೆಸಿದೆ. ವಿಷವಿದ್ದರೆ ನೇರಳೆ ಬಣ್ಣ ಬರಬೇಕು. ದೇವರೇ, ಅವಳದ್ದು ನೇರಳೆಗೆ ತಿರುಗದಿರಲಿ ಎಂದು ಬೇಡಿಕೊಂಡೆ. ವಿಜ್ಞಾನ ಕಲಿಸುವವಳ ಬುದ್ಧಿ ಅಷ್ಟೇ. ಭೀಮಣ್ಣ ತಂದದ್ದು ಗಾಢ ನೇರಳೆಯಾಯಿತು. ಅವಳದ್ದಕ್ಕೆ ಆ ಬಣ್ಣ ಬರಲೇ ಇಲ್ಲ.

“ನಿಂದರಾಗ ವಿಷ ಇಲ್ಲ, ಮಲ್ಲಮ್ಮ” ಎಂದೆ. ಹಗುರಾಗುತ್ತಾಳೆ ಎಂದುಕೊಂಡಿದ್ದೆ. ಅವಳು ಬಿಕ್ಕಿದಳು.

“ದವಾಖಾನ್ಯಾಗ ಕಣ್ಣು ಕಾಣದಂಗ ಆದಾಗ ನನ್ನ ಕೈ ಹಿಡಕೊಂಡು ಕೇಳಿದ ಯಕ್ಕಾ, ‘ಅದರಾಗ ಏನ್ ಹಾಕಿದ್ದಿ’ ಅಂತ. ನನಗ ಮಾತ ಬರಲಿಲ್ಲ. ಈಗ ಹೇಳ್ತೀನಿ, ಕೇಳಾಕ ಅಂವ ಎಲ್ಲಿದಾನ?”

ಅವಳನ್ನು ತಬ್ಬಿಕೊಂಡು ನಾನೂ ಅತ್ತೆ.

ಬೆಳಿಗ್ಗೆ ಬಸ್ಸು ಹೊರಟಾಗ ತಿರುಗಿ ನೋಡಿದೆ. ಮಲ್ಲಮ್ಮ ನನ್ನ ಕಡೆ ನೋಡುತ್ತಿರಲಿಲ್ಲ. ಭೀಮಣ್ಣನನ್ನು ಹೂಳಿದ ಹೊಲದತ್ತ ಬಿರಬಿರನೆ ನಡೆಯುತ್ತಿದ್ದಳು. ಅರ್ಧ ದಾರಿಯಲ್ಲೇ, ಕೈ ಆಡಿಸುತ್ತ, ಅವನೊಡನೆ ಮಾತು ಶುರು ಮಾಡಿದ್ದಳು.