ಮಗು ನಿಮಗೇನಾಗ್ಬೇಕು?

ಬಾಗಲಗುಂಟೆಯ ಒಂದು ಮನೇಲಿ ವಾಟರ್ ಫಿಲ್ಟರ್ ಸರ್ವೀಸ್ ಮಾಡ್ತಿದ್ದೆ. ಆ ಮನೆ ಹುಡುಗಿ, ಆರೇಳು ವರ್ಷ ಇರಬಹುದು, ನೀರಿಗೆ ಅಂತ ಲೋಟ ಎತ್ತಿ ಹಿಡಿದಾಗ ಸ್ವೆಟರ್ ತೋಳು ಜಾರ್ತು. ಏಪ್ರಿಲ್ ಸೆಕೇಲಿ ಸ್ವೆಟರ್ ಯಾಕೆ ಅಂತ ಆಗ ಗೊತ್ತಾಯ್ತು. ಕೈತುಂಬ ಸಾಲಾಗಿ ಬರೆ.

"ಕಾದ ಹೆಂಚು ತಾಕ್ಬಿಡ್ತು ಅಣ್ಣ," ಅಂದ್ರು ಪಕ್ಕದಲ್ಲೇ ನಿಂತಿದ್ದ ಅವಳ ಚಿಕ್ಕಮ್ಮ, ನಾನು ಕೇಳೋಕ್ಮುಂಚೇನೇ. ಹುಡುಗಿ ಲೋಟದೊಳಗೇ ನೋಡ್ತಿದ್ಲು.

ಹೊರಗೆ ಬಂದು ಗಾಡಿ ಸ್ಟಾರ್ಟ್ ಮಾಡಿದೆ, ಆಫ್ ಮಾಡಿದೆ, ಮತ್ತೆ ಸ್ಟಾರ್ಟ್ ಮಾಡಿದೆ. ಹೆಂಚು ಒಂದೇ ಕೈಗೆ ಎಷ್ಟು ಸಲ ತಾಕುತ್ತೆ? ಮುಂದಿನ ಕಸ್ಟಮರ್ ಫೋನ್ ಮೇಲೆ ಫೋನ್ ಮಾಡ್ತಿದ್ರು. ಕಟ್ ಮಾಡಿ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆ.

ಅಲ್ಲಿದ್ದ ಹೆಂಗಸು ವಿಳಾಸ ಬರ್ಕೊಂಡು ಕೇಳಿದ್ರು: "ಮಗು ನಿಮಗೇನಾಗ್ಬೇಕು?"

"ನಂಗಾ? ಏನೂ ಆಗ್ಬೇಕಿಲ್ಲ ಮೇಡಂ."

ಅಂದಿದ್ದೇ ತಡ, ತಪ್ಪಾಯ್ತೇನೋ ಅನ್ನಿಸ್ತು. ಸಂಬಂಧ ಇಲ್ಲದೋನ ಮಾತು ಅಂತ ಬಿಟ್ಟಾಕಿಬಿಟ್ರೆ? "ಅಂದ್ರೆ ಮೇಡಂ, ಆ ಮಗುಗೆ ಇನ್ನೇನೂ ಆಗ್ಬಾರ್ದು. ಅದಕ್ಕೇ."

"ಅಷ್ಟು ಸಾಕು ಸರ್. ಈಗ್ಲೇ ಜನ ಕಳಿಸ್ತೀವಿ."

ಆಮೇಲೇನಾಯ್ತು ಅಂತ ನಂಗೆ ಯಾರೂ ಹೇಳ್ಲಿಲ್ಲ. ಯಾಕೆ ಹೇಳ್ತಾರೆ? ನಾನು ಅವಳಿಗೆ ಏನೂ ಆಗ್ಬೇಕಿಲ್ವಲ್ಲ.